ಮೊಜಾರ್ಟ್‌ಗೆ ವಿಷ ಹಾಕಿದ್ದು ಸಾಲಿಯೆರಿ ಅಲ್ಲ. ಹಾಗಾದರೆ ಈ ಕಥೆ ಯಾಕೆ ಸಾಯುತ್ತಿಲ್ಲ?

2025ರ ಮೇ 7ಕ್ಕೆ ಸಂಗೀತ ಸಂಯೋಜಕ ಆಂಟೋನಿಯೋ ಸಾಲಿಯೆರಿ ತೀರಿಕೊಂಡು ಸರಿಯಾಗಿ 200 ವರ್ಷ ತುಂಬಿತು. ಯುರೋಪಿನಲ್ಲಿ ಕೆಲವು ಕಛೇರಿಗಳು ನಡೆದವು, ಒಂದಷ್ಟು ಲೇಖನಗಳು ಬಂದವು. ಅದೇ ವರ್ಷದ ಡಿಸೆಂಬರ್‌ನಲ್ಲಿ ಬ್ರಿಟನ್ನಿನ ಸ್ಕೈ ವಾಹಿನಿಯಲ್ಲಿ ‘ಅಮೆಡಿಯಸ್’ ಎಂಬ ಹೊಸ ಸರಣಿ ಶುರುವಾಯಿತು. ಅದು ಮತ್ತೆ ಅದೇ ಹಳೇ ಕಥೆ. ಒಂದು ಕಡೆ ದೇವರೇ ಕಿವಿಯಲ್ಲಿ ಹಾಡು ಹೇಳಿಕೊಟ್ಟಂಥ ಮೊಜಾರ್ಟ್, ಇನ್ನೊಂದು ಕಡೆ ಹೊಟ್ಟೆಕಿಚ್ಚಿನಲ್ಲಿ ಬೇಯುವ ಸಾಲಿಯೆರಿ.

ಪಾಶ್ಚಾತ್ಯ ಸಂಗೀತ ಒಂದು ದಿನವೂ ಕೇಳದವರಿಗೂ ಈ ಕಥೆ ಗೊತ್ತಿರುತ್ತದೆ. ಆದರೆ ಸಾಲಿಯೆರಿಯ ಒಂದು ರಾಗವನ್ನಾದರೂ ಗುನುಗಿ ಅಂದರೆ, ಆ ಸಂಗೀತ ಚೆನ್ನಾಗಿ ಬಲ್ಲವರೂ ಒಂದು ಕ್ಷಣ ತಡವರಿಸುತ್ತಾರೆ. ನನಗೆ ಮುಖ್ಯ ಅನಿಸುವುದು ಇದೇ ವಿಷಯ. ಅವನ ಹೆಸರಿನ ಜೊತೆ ಅಂಟಿರುವ ಗಾಳಿಮಾತು ಎಲ್ಲರಿಗೂ ಗೊತ್ತು, ಅವನ ಕೆಲಸ ಯಾರಿಗೂ ಗೊತ್ತಿಲ್ಲ. ಇವೆರಡಕ್ಕೂ ಸಂಬಂಧ ಇದೆ. ಅವನ ಸಂಗೀತ ನಿಂತುಹೋದ ಕಾಲದಲ್ಲೇ ಆ ಗಾಳಿಮಾತು ಹುಟ್ಟಿತು.

ಮೊದಲು ಮನುಷ್ಯನ ವಿಷಯ ನೋಡೋಣ. ಸಾಲಿಯೆರಿ ಹುಟ್ಟಿದ್ದು 1750ರ ಆಗಸ್ಟ್ 18ರಂದು, ವೆರೋನಾ ಹತ್ತಿರದ ಲೆನ್ಯಾಗೋ ಎಂಬ ಸಣ್ಣ ಊರಿನಲ್ಲಿ. ಆಗ ಅದು ವೆನಿಸ್ ಗಣರಾಜ್ಯಕ್ಕೆ ಸೇರಿತ್ತು. ಅಣ್ಣ ಫ್ರಾಂಚೆಸ್ಕೋ ಪಿಟೀಲು ಹೇಳಿಕೊಟ್ಟ. ಹದಿಹರೆಯದಲ್ಲೇ ಅಪ್ಪ ಅಮ್ಮ ಇಬ್ಬರೂ ಹೋದರು. ವೆನಿಸ್ಸಿನ ಮೊಚೆನೀಗೋ ಮನೆತನದವರು ಹುಡುಗನನ್ನು ತಮ್ಮ ಆಶ್ರಯಕ್ಕೆ ಕರೆದುಕೊಂಡರು. ಅಲ್ಲಿಗೆ ಕೆಲಸದ ಮೇಲೆ ಬಂದಿದ್ದ ಫ್ಲೋರಿಯಾನ್ ಗಾಸ್ಮನ್ ಎಂಬ ಸಂಯೋಜಕನ ಕಣ್ಣಿಗೆ ಅವನು ಬಿದ್ದ. ಗಾಸ್ಮನ್ ವಿಯೆನ್ನಾ ಅರಮನೆಯಲ್ಲಿ ಕೆಲಸಕ್ಕಿದ್ದವನು. 1766ರ ಜೂನ್‌ನಲ್ಲಿ ಅವನು ಈ ಅನಾಥ ಹುಡುಗನನ್ನು ವಿಯೆನ್ನಾಕ್ಕೆ ಕರೆತಂದ. ಮನೆಯಲ್ಲಿಟ್ಟುಕೊಂಡು, ಊಟ ಹಾಕಿ, ಒಂದು ಕಾಸು ಕೇಳದೆ ಪಾಠ ಹೇಳಿದ. ಹುಡುಗನಿಗೆ ಇನ್ನೂ 16 ತುಂಬಿರಲಿಲ್ಲ. ಮುಂದಿನ ಸುಮಾರು 59 ವರ್ಷ ಅವನು ಬಾಳಿದ್ದು ಆ ಊರಿನಲ್ಲೇ, ಕಣ್ಣು ಮುಚ್ಚಿದ್ದೂ ಅಲ್ಲೇ.

ಗಾಸ್ಮನ್‌ನ ಈ ಉಪಕಾರವನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಸಾಲಿಯೆರಿಯ ಬದುಕಿನ ಕೊನೆಯ ಭಾಗಕ್ಕೆ ಅದೇ ಬೇರು.

1774ರಲ್ಲಿ ಗಾಸ್ಮನ್ ಸತ್ತಾಗ ಅವನ ಅರಮನೆ ಕೆಲಸ ಶಿಷ್ಯನಿಗೆ ಬಂತು. ಆಗ ಸಾಲಿಯೆರಿಗೆ 23 ವರ್ಷ. ಇಟಾಲಿಯನ್ ಒಪೆರಾ, ಅಂದರೆ ಹಾಡಿನಲ್ಲೇ ಪೂರ್ತಿ ನಡೆಯುವ ನಾಟಕ, ಅವನ ಉಸಿರಾಯಿತು. ಬದುಕಿನಲ್ಲಿ ಸುಮಾರು 40 ಒಪೆರಾ ಬರೆದ. 1788ರಲ್ಲಿ ಚಕ್ರವರ್ತಿಯ ಆಸ್ಥಾನದ ಮುಖ್ಯ ಸಂಗೀತ ನಿರ್ದೇಶಕನಾದ. 36 ವರ್ಷ ಆ ಹುದ್ದೆಯಲ್ಲಿದ್ದ.

ಆಗಿನ ಸಂಗೀತ ನಿರ್ದೇಶಕ ಅಂದರೆ ಇವತ್ತು ನಾವು ನೋಡುವ ಹಾಗೆ ಜನಕ್ಕೆ ಬೆನ್ನು ಮಾಡಿ, ಕೈಯಲ್ಲಿ ಸಣ್ಣ ಕೋಲು ಹಿಡಿದು ನಿಲ್ಲುವವನಲ್ಲ. ಕೀಬೋರ್ಡ್ ಮುಂದೆ ಕೂತು, ನುಡಿಸುತ್ತಲೇ ಗಾಯಕರನ್ನೂ ವಾದ್ಯದವರನ್ನೂ ನಡೆಸಬೇಕಿತ್ತು. ಯಾರಿಗೆ ಯಾವ ಪಾತ್ರ, ಚರ್ಚಿನಲ್ಲಿ ಯಾವ ಹಾಡು, ಯಾರನ್ನು ಕೆಲಸಕ್ಕೆ ತಗೋಬೇಕು, ಎಲ್ಲವೂ ಅವನ ತಲೆ ಮೇಲೆ. 1808ರ ಮಾರ್ಚ್ 27ರಂದು ಮುಪ್ಪಾಗಿದ್ದ ಸಂಯೋಜಕ ಹೈಡನ್‌ನ ಗೌರವಕ್ಕೆ ವಿಯೆನ್ನಾ ವಿಶ್ವವಿದ್ಯಾಲಯದಲ್ಲಿ ಅವನ ದೊಡ್ಡ ಕೃತಿ ‘ಸೃಷ್ಟಿ’ಯ ಕಛೇರಿ ನಡೆಯಿತು. ಅದನ್ನು ನಡೆಸಿದ್ದು ಸಾಲಿಯೆರಿ. 1813ರ ಡಿಸೆಂಬರ್‌ನಲ್ಲಿ ಬೀಥೋವನ್ ತನ್ನ ಯುದ್ಧವಿಜಯದ ಕೃತಿ ನುಡಿಸಿದಾಗ, ಅದರಲ್ಲಿ ಬರುವ ಡ್ರಮ್ ಮತ್ತು ಫಿರಂಗಿ ಸದ್ದಿನ ಗುಂಪನ್ನು ನೋಡಿಕೊಂಡವನೂ ಇವನೇ. ಆಗ ಇವನಿಗೆ 63 ವರ್ಷ, ಊರಿನ ಸಂಗೀತಕ್ಕೆಲ್ಲ ಹಿರಿಯ. ಆದರೂ ತನ್ನ ಶಿಷ್ಯ ಬೀಥೋವನ್‌ನ ಕಛೇರಿಯಲ್ಲಿ ಹಿಂದೆ ನಿಂತು ಡ್ರಮ್ಮಿನವರಿಗೆ ತಾಳ ಹಾಕಿದ.

ಇನ್ನು ಮೊಜಾರ್ಟ್ ವಿಷಯಕ್ಕೆ ಬರೋಣ. ಇಬ್ಬರ ನಡುವೆ ಪೈಪೋಟಿ ಇತ್ತಾ? ಖಂಡಿತ ಇತ್ತು. ಅದನ್ನು ಮುಚ್ಚಿಡುವುದು ಸರಿಯಲ್ಲ. 1781ರಲ್ಲಿ ವಿಯೆನ್ನಾದಲ್ಲಿ ನೆಲೆಯೂರಲು ಬಂದ ಮೊಜಾರ್ಟ್‌ಗೆ ವುರ್ಟೆಂಬರ್ಗ್‌ನ ರಾಜಕುಮಾರಿಗೆ ಪಾಠ ಹೇಳುವ ಕೆಲಸ ಬೇಕಿತ್ತು. ಅದು ಸಾಲಿಯೆರಿಗೆ ಹೋಯಿತು. ಚಕ್ರವರ್ತಿಯ ಕಣ್ಣಿಗೆ ಸಾಲಿಯೆರಿ ಬಿಟ್ಟರೆ ಬೇರೆ ಯಾರೂ ಕಾಣುವುದಿಲ್ಲ ಎಂದು ಮೊಜಾರ್ಟ್ ಅಪ್ಪನಿಗೆ ಬರೆದ. 1786ರಲ್ಲಿ ‘ಫಿಗಾರೋನ ಮದುವೆ’ ವೇದಿಕೆಗೆ ಬರುವಾಗ, ಸಾಲಿಯೆರಿ ಕಡೆಯವರು ಅದನ್ನು ಕೆಡಿಸಲು ನೋಡುತ್ತಿದ್ದಾರೆ ಎಂದು ಅಪ್ಪ ಲಿಯೋಪೋಲ್ಡ್ ಮಗಳಿಗೆ ಬರೆದ. ಅರಮನೆ ರಂಗಭೂಮಿ ಅಂದರೆ ಗುಂಪುಗಳು ಇದ್ದೇ ಇರುತ್ತವೆ. ಸಾಲಿಯೆರಿ ಆ ಆಟದಲ್ಲಿ ಪಳಗಿದವನೇ.

ಆದರೆ ಇಲ್ಲಿ ಒಂದು ವಿಷಯ ಗಮನಿಸಿ. ಈ ಪತ್ರಗಳಲ್ಲೆಲ್ಲ ಅಸಮಾಧಾನ ಪಡುತ್ತಿರುವವನು ಮೊಜಾರ್ಟ್. ಅದು ಸಹಜವೂ ಹೌದು. ಕುರ್ಚಿ, ಸಂಬಳ, ಚಕ್ರವರ್ತಿಯ ಪ್ರೀತಿ ಎಲ್ಲ ಸಾಲಿಯೆರಿ ಹತ್ತಿರ ಇತ್ತು. ಮೊಜಾರ್ಟ್‌ಗೆ 1787ರ ಕೊನೆಯಲ್ಲಿ ಅರಮನೆಯಲ್ಲಿ ಕೆಲಸ ಸಿಕ್ಕಿತು, ವರ್ಷಕ್ಕೆ 800 ಗುಲ್ಡನ್‌ಗೆ. ಅದಕ್ಕೂ ಮೊದಲು, 1786ರ ಫೆಬ್ರವರಿ 7ರಂದು ಷೋನ್‌ಬ್ರುನ್ ಅರಮನೆಯ ಕಿತ್ತಳೆ ತೋಟದ ಮನೆಯಲ್ಲಿ ಇಬ್ಬರ ಸಣ್ಣ ಒಪೆರಾಗಳನ್ನೂ ಒಂದೇ ಸಂಜೆ ಆಡಿಸಿದರು. ಸಾಲಿಯೆರಿಗೆ 100 ಡುಕಾಟ್ ಕೊಟ್ಟರು, ಮೊಜಾರ್ಟ್‌ಗೆ 50. ಇದನ್ನು ಅನ್ಯಾಯದ ಉದಾಹರಣೆಯಾಗಿ ಹೇಳುವವರಿದ್ದಾರೆ. ಸಾಲಿಯೆರಿ ಬರೆದದ್ದು ಪೂರ್ತಿ ಒಂದು ಅಂಕದ ಒಪೆರಾ. ಮೊಜಾರ್ಟ್ ಬರೆದದ್ದು ಶುರುವಿನ ವಾದ್ಯಸಂಗೀತ ಮತ್ತು ನಾಲ್ಕು ಹಾಡು, ಮಿಕ್ಕಿದ್ದೆಲ್ಲ ಮಾತು. ಕೆಲಸಕ್ಕೆ ತಕ್ಕ ಹಾಗೆ ಕೂಲಿ ಕೊಟ್ಟಿದ್ದಾರೆ, ಅಷ್ಟೇ.

ಕತೆಗಾರರು ಹೊಟ್ಟೆಕಿಚ್ಚಿನ ದಿಕ್ಕನ್ನೇ ತಿರುಗಿಸಿಬಿಟ್ಟರು. ಯಾಕೆಂದರೆ ಇವತ್ತು ನಮಗೆ ಮೊಜಾರ್ಟ್ ದೊಡ್ಡವನು. ಹಾಗಾಗಿ ಆಗಲೂ ಎಲ್ಲರಿಗೂ ಅದು ಗೊತ್ತಿತ್ತು, ಸಾಲಿಯೆರಿಗಂತೂ ಚೆನ್ನಾಗಿ ಗೊತ್ತಿತ್ತು ಎಂದುಕೊಳ್ಳುತ್ತೇವೆ. 1786ರಲ್ಲಿ ಯುರೋಪಿನಲ್ಲಿ ನಿಂತು ನೋಡಿದ್ದರೆ ಚಿತ್ರ ಬೇರೆಯೇ ಕಾಣುತ್ತಿತ್ತು.

ಕೆಲಸಗಳು ಕೈ ಬದಲಾಯಿಸಿದ ರೀತಿಯನ್ನೂ ನೋಡಿ. ‘ಕೋಸಿ ಫಾನ್ ತೂತ್ತೆ’ ಮೊಜಾರ್ಟ್‌ನ ಬಹಳ ಪ್ರಸಿದ್ಧ ಒಪೆರಾ. ಅದರ ಸಾಹಿತ್ಯಕ್ಕೆ ಮೊದಲು ರಾಗ ಹಾಕಲು ಕೂತವನು ಸಾಲಿಯೆರಿ. ಸ್ವಲ್ಪ ಬರೆದು ಕೈಬಿಟ್ಟ. ಆ ಹಾಳೆಗಳು 1990ರ ದಶಕದಲ್ಲಿ ವಿಯೆನ್ನಾದ ರಾಷ್ಟ್ರೀಯ ಗ್ರಂಥಾಲಯದಲ್ಲಿ ಬೆಳಕಿಗೆ ಬಂದವು. 1791ರಲ್ಲಿ ಪ್ರಾಗ್ ನಗರದಲ್ಲಿ ನಡೆಯುವ ರಾಜನ ಪಟ್ಟಾಭಿಷೇಕಕ್ಕೆ ಒಪೆರಾ ಬೇಕು ಎಂದು ಅಲ್ಲಿನ ನಾಟಕ ಗುತ್ತಿಗೆದಾರ ಸಾಲಿಯೆರಿ ಹತ್ತಿರ ಐದು ಸಲ ಬಂದ. ಇವನು ಅರಮನೆಯ ಬೇರೆ ಕೆಲಸ ತಲೆ ಮೇಲಿದೆ ಎಂದು ಒಪ್ಪಲಿಲ್ಲ. ಆ ಕೆಲಸ ಮೊಜಾರ್ಟ್‌ಗೆ ಹೋಯಿತು. ಅದೇ ‘ಟೀಟೋನ ಕರುಣೆ’. ಅದೇ ವರ್ಷದ ಏಪ್ರಿಲ್‌ನಲ್ಲಿ ಸಂಗೀತಗಾರರ ಸಂಘದ ಕಛೇರಿಯಲ್ಲಿ ಮೊಜಾರ್ಟ್‌ನ ಒಂದು ದೊಡ್ಡ ಸಿಂಫನಿ ನುಡಿಸಿದರು. ಕಛೇರಿ ನಡೆಸಿದವನು ಸಾಲಿಯೆರಿ.

ಇನ್ನೊಂದು ಸಾಕ್ಷಿ ಮೊಜಾರ್ಟ್‌ನ ಕೈಬರಹದಲ್ಲೇ ಇದೆ. 1791ರ ಅಕ್ಟೋಬರ್ 14ರಂದು ಅವನು ಬಾಡೆನ್‌ನಲ್ಲಿದ್ದ ಹೆಂಡತಿ ಕಾನ್‌ಸ್ಟಾಂಟ್ಸೆಗೆ ಬರೆದ ಪತ್ರ ಅದು. ನಮಗೆ ಸಿಕ್ಕಿರುವ ಅವನ ಪತ್ರಗಳಲ್ಲಿ ಅದೇ ಕೊನೆಯದು. ಹಿಂದಿನ ದಿನ ಅವನೇ ಗಾಡಿಯಲ್ಲಿ ಹೋಗಿ ಸಾಲಿಯೆರಿಯನ್ನೂ ಗಾಯಕಿ ಕಾವಲಿಯೆರಿಯನ್ನೂ ‘ಮಾಯಾ ಕೊಳಲು’ ಒಪೆರಾಕ್ಕೆ ಕರೆತಂದಿದ್ದ. ಶುರುವಿನ ವಾದ್ಯದಿಂದ ಕೊನೆಯ ಹಾಡಿನವರೆಗೂ ಸಾಲಿಯೆರಿ ಮನಸ್ಸಿಟ್ಟು ಕೇಳಿದ, ಒಂದೊಂದು ಹಾಡಿಗೂ ಭೇಷ್ ಅಂದ ಎಂದು ಮೊಜಾರ್ಟ್ ಸಂತೋಷದಿಂದ ಬರೆಯುತ್ತಾನೆ. ಏಳು ವಾರ ಕಳೆದ ಮೇಲೆ, ಡಿಸೆಂಬರ್ 5ರಂದು, 35 ವರ್ಷದ ಮೊಜಾರ್ಟ್ ಸತ್ತ.

ಸಾವಿಗೆ ಕಾರಣ ಎಂದು ದಾಖಲೆಯಲ್ಲಿ ಬರೆದದ್ದು ಮೈಮೇಲೆ ಗುಳ್ಳೆ ಏಳುವ ತೀವ್ರ ಜ್ವರ. ದೇಹ ಬಾತುಕೊಂಡಿತ್ತು. ಅದನ್ನು ಕಂಡು ವಿಷ ಇರಬಹುದು ಎಂದು ಕೆಲವರು ಆಡಿಕೊಂಡರು. ಆ ಮಾತು ವರ್ಷದ ಕೊನೆಯಲ್ಲೇ ಬರ್ಲಿನ್ನಿನ ಒಂದು ಸಂಗೀತ ಪತ್ರಿಕೆಯಲ್ಲಿ ಅಚ್ಚಾಯಿತು. ಆದರೆ ಅದರಲ್ಲಿ ಸಾಲಿಯೆರಿ ಹೆಸರಿಲ್ಲ. ತನಗೆ ಯಾರೋ ವಿಷ ಕೊಟ್ಟಿದ್ದಾರೆ ಎಂದು ಮೊಜಾರ್ಟ್ ಕೊನೆಯ ದಿನಗಳಲ್ಲಿ ಹೆಂಡತಿಗೆ ಹೇಳಿದ ಎಂಬ ಮಾತು 1798ರ ಜೀವನಚರಿತ್ರೆಯಲ್ಲಿ ಬರುತ್ತದೆ. ಅಲ್ಲಿಯೂ ಸಾಲಿಯೆರಿ ಮೇಲೆ ಆರೋಪ ಇಲ್ಲ. ಈ ಹೆಸರು ದೊಡ್ಡದಾಗಿ ಓಡಾಡಲು ಶುರುವಾದದ್ದು 1823ರ ಸುಮಾರಿಗೆ. ಅಂದರೆ 30 ವರ್ಷ ಕಳೆದ ಮೇಲೆ.

ಅಲ್ಲಿಯವರೆಗೆ ಏನಾಗಿತ್ತು? ಕಾನ್‌ಸ್ಟಾಂಟ್ಸೆ ತನ್ನ ಚಿಕ್ಕ ಮಗ ಫ್ರಾಂಟ್ಸ್ ಕ್ಸೇವರ್‌ನನ್ನು ಪಾಠಕ್ಕೆ ಸಾಲಿಯೆರಿ ಹತ್ತಿರ ಕಳಿಸಿದ್ದಳು. ಅಪ್ಪ ಸತ್ತಾಗ ನಾಲ್ಕು ತಿಂಗಳ ಕೂಸಾಗಿದ್ದ ಹುಡುಗ ಅವನು. ಮುಂದೆ ಅವನಿಗೆ ಕೆಲಸ ಹುಡುಕುವಾಗ ಶಿಫಾರಸು ಪತ್ರ ಬರೆದುಕೊಟ್ಟವನೂ ಸಾಲಿಯೆರಿ. ಮೊಜಾರ್ಟ್ ಅರ್ಧಕ್ಕೆ ಬಿಟ್ಟುಹೋದ ಶೋಕಗೀತೆಯನ್ನು ಮುಗಿಸಿದ ಸ್ಯೂಸ್‌ಮಾಯರ್ ಕೂಡ ಸಾಲಿಯೆರಿಯ ಶಿಷ್ಯ. ಗಂಡನಿಗೆ ವಿಷ ಹಾಕಿದ ಎಂದು ಅನುಮಾನ ಇದ್ದವನ ಮನೆಗೆ ಯಾವ ತಾಯಿ ಮಗನನ್ನು ಕಳಿಸುತ್ತಾಳೆ? ವೈದ್ಯಕೀಯ ಸಾಕ್ಷಿ ಎಲ್ಲ ಪಕ್ಕಕ್ಕಿಡಿ. ನನಗೆ ಇದೊಂದೇ ಸಾಕು.

ಹಾಗಾದರೆ 1823ರಲ್ಲಿ ಏನು ಬದಲಾಯಿತು?

ಆ ವರ್ಷ 73ರ ಸಾಲಿಯೆರಿ ಕಾಯಿಲೆ ಬಿದ್ದು ವಿಯೆನ್ನಾದ ಆಸ್ಪತ್ರೆ ಸೇರಿದ. ಬುದ್ಧಿ ಸ್ಥಿಮಿತದಲ್ಲಿರಲಿಲ್ಲ. ಮೊಜಾರ್ಟ್‌ಗೆ ವಿಷ ಹಾಕಿದ್ದು ನಾನೇ ಎಂದು ಅವನು ಬಡಬಡಿಸಿದನಂತೆ ಎಂಬ ಸುದ್ದಿ ಊರೆಲ್ಲ ಹರಡಿತು. ಅವನನ್ನು ನೋಡಲು ಹೋದ ಹಳೇ ಶಿಷ್ಯ ಮೋಶೆಲೆಸ್‌ಗೆ ಮುದುಕ ಹೇಳಿದ ಮಾತು ಇದಕ್ಕೆ ತದ್ವಿರುದ್ಧ. ಈ ಹೊಲಸು ಮಾತಿನಲ್ಲಿ ಏನೂ ನಿಜವಿಲ್ಲ ಎಂದು ಆಣೆಯಿಟ್ಟು ಹೇಳಿದ. ಹಗಲೂ ರಾತ್ರಿ ಅವನನ್ನು ನೋಡಿಕೊಳ್ಳುತ್ತಿದ್ದ ಇಬ್ಬರು ಪರಿಚಾರಕರು, ಅಂಥ ಮಾತು ಅವನ ಬಾಯಲ್ಲಿ ನಾವು ಒಮ್ಮೆಯೂ ಕೇಳಿಲ್ಲ ಎಂದು 1824ರ ಜೂನ್‌ನಲ್ಲಿ ಬರೆದು ಸಹಿ ಹಾಕಿದರು.

ಕಿವಿ ಕೇಳದ ಬೀಥೋವನ್ ಜೊತೆ ಮಾತಾಡಲು ಬಂದವರು ಒಂದು ಪುಸ್ತಕದಲ್ಲಿ ಬರೆದು ತೋರಿಸುತ್ತಿದ್ದರು. ಆ ಪುಸ್ತಕಗಳು ಉಳಿದಿವೆ. ಅವುಗಳಲ್ಲಿ ಈ ವಿಷದ ಸುದ್ದಿ ಹಲವು ಸಲ ಬರುತ್ತದೆ. ಆದರೆ ಬೀಥೋವನ್ ಉತ್ತರ ಕೊಡುತ್ತಿದ್ದದ್ದು ಬಾಯಲ್ಲಿ. ಹಾಗಾಗಿ ಬಂದವರು ಹೇಳಿದ ಸುದ್ದಿ ಕಾಗದದ ಮೇಲೆ ಉಳಿಯಿತು, ತನ್ನ ಮೇಷ್ಟ್ರ ಬಗ್ಗೆ ಶಿಷ್ಯ ಏನಂದ ಎನ್ನುವುದು ಗಾಳಿಯಲ್ಲಿ ಹೋಯಿತು. ಈ ಇಡೀ ಪ್ರಕರಣದಲ್ಲಿ ನನ್ನನ್ನು ತುಂಬಾ ಕಾಡಿದ ವಿಷಯ ಇದು. ಸಾಲಿಯೆರಿಗೆ ಆದದ್ದೆಲ್ಲ ಹೀಗೇ ಅಲ್ವಾ? ಆರೋಪ ಎಲ್ಲರ ನೆನಪಿನಲ್ಲಿ ಉಳಿಯಿತು, ಅವನ ಕಡೆಯವರ ಮಾತು ಉಳಿಯಲಿಲ್ಲ.

1824ರ ಮೇ ತಿಂಗಳಲ್ಲಿ ಬೀಥೋವನ್‌ನ ಒಂಬತ್ತನೇ ಸಿಂಫನಿಯ ಕಛೇರಿಯೊಂದರಲ್ಲೇ ಈ ವಿಷದ ಮಾತಿದ್ದ ಪದ್ಯದ ಕರಪತ್ರ ಹಂಚಿದರು. ಆಗ ಜುಸೆಪ್ಪೆ ಕಾರ್ಪಾನಿ ಎಂಬ ಬರಹಗಾರ ತಡೆಯಲಾರದೆ ಪತ್ರಿಕೆಯಲ್ಲಿ ಉದ್ದದ ಸಮರ್ಥನೆ ಬರೆದ. ಸುಮ್ನೆ ಅಭಿಪ್ರಾಯ ಬರೆದದ್ದಲ್ಲ. ಮೊಜಾರ್ಟ್‌ಗೆ ಔಷಧ ಕೊಟ್ಟ ವೈದ್ಯರನ್ನು ಬಲ್ಲ ಗುಲ್ಡೆನರ್ ಎಂಬ ಹಿರಿಯ ವೈದ್ಯನಿಂದ ಪತ್ರ ಬರೆಸಿ ತಂದ. ಆ ಚಳಿಗಾಲದಲ್ಲಿ ಊರಿನಲ್ಲಿ ಒಂದು ಜ್ವರ ಹರಡಿತ್ತು, ಎಷ್ಟೋ ಜನ ಅದೇ ಲಕ್ಷಣದಿಂದ ಸತ್ತರು, ವಿಷದ ಸುಳಿವು ಎಲ್ಲೂ ಇರಲಿಲ್ಲ ಎಂದು ಗುಲ್ಡೆನರ್ ಬರೆದ. 185 ವರ್ಷ ಕಳೆದ ಮೇಲೆ, 2009ರಲ್ಲಿ, ಅಮೆರಿಕದ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಅಧ್ಯಯನ ಬಂತು. ವಿಯೆನ್ನಾದ ಆ ಕಾಲದ ಸಾವಿನ ದಾಖಲೆಗಳನ್ನು ಜಾಲಾಡಿದವರಿಗೆ ಕಂಡದ್ದು ಏನು? ಮೊಜಾರ್ಟ್ ಸತ್ತ ವಾರಗಳಲ್ಲಿ ಮೈ ಬಾತು ಸತ್ತ ಯುವಕರ ಸಂಖ್ಯೆ ಹಿಂದಿನ ಮುಂದಿನ ವರ್ಷಗಳಿಗಿಂತ ಜಾಸ್ತಿ ಇತ್ತು. ಗಂಟಲಿನಲ್ಲಿ ಶುರುವಾಗುವ ಬ್ಯಾಕ್ಟೀರಿಯಾ ಸೋಂಕು ಮೂತ್ರಪಿಂಡಕ್ಕೆ ಹೋಗಿರಬಹುದು ಎಂಬುದು ಅವರ ಊಹೆ. ಗುಲ್ಡೆನರ್ ಹೇಳಿದ ಮಾತಿಗೆ ಇದು ಚೆನ್ನಾಗಿ ಹೊಂದುತ್ತದೆ.

ಅಂದರೆ ಸಾಲಿಯೆರಿ ಇನ್ನೂ ಬದುಕಿದ್ದಾಗಲೇ ಈ ಸುದ್ದಿ ಸುಳ್ಳು ಎಂದು ಸಾಕ್ಷಿ ಸಮೇತ ಅಚ್ಚಾಗಿತ್ತು. ಇವತ್ತು ನಾವು ಫ್ಯಾಕ್ಟ್‌ಚೆಕ್ ಅನ್ನುತ್ತೇವಲ್ಲ, ಪಕ್ಕಾ ಅದೇ. ಆದರೂ ಸುಳ್ಳು ಗೆದ್ದಿತು. ಯಾಕೆ?

ಒಂದು ಕಾರಣ ಆ ಕಾಲದ ಜಗಳ. 1822ರಲ್ಲಿ ಇಟಲಿಯ ಒಪೆರಾ ಸಂಯೋಜಕ ರೊಸ್ಸಿನಿ ವಿಯೆನ್ನಾಕ್ಕೆ ಬಂದಾಗ ಊರಿಗೆ ಊರೇ ಇಟಾಲಿಯನ್ ಒಪೆರಾದ ಹುಚ್ಚು ಹತ್ತಿಸಿಕೊಂಡಿತು. ಜರ್ಮನ್ ಸಂಗೀತದ ಅಭಿಮಾನಿಗಳಿಗೆ ಹೊಟ್ಟೆ ಉರಿಯಿತು. ನಮ್ಮ ಹುಡುಗ ಮೊಜಾರ್ಟ್‌ನನ್ನು ಹೊರಗಿನ ಇಟಾಲಿಯನ್ನರು ತುಳಿದರು ಎಂಬ ಕಥೆ ಆ ಹೊತ್ತಿಗೆ ಬೇಕಾಗಿತ್ತು. ಅಷ್ಟು ಹೊತ್ತಿಗೆ ಆ ಊರಿನಲ್ಲಿ 57 ವರ್ಷ ಬಾಳಿದ್ದ ಸಾಲಿಯೆರಿಯನ್ನು ಮತ್ತೆ ಹೊರಗಿನವನನ್ನಾಗಿ ಮಾಡಿದರು. ಇದು ನಮಗೆ ಅರ್ಥವಾಗದ ಸಂಗತಿ ಏನಲ್ಲ.

ಇನ್ನೊಂದು ಕಾರಣ, ನನಗೆ ಇದೇ ಮುಖ್ಯ: ಅವನ ಸಂಗೀತ ಆ ಹೊತ್ತಿಗೆ ವೇದಿಕೆಯಿಂದ ಇಳಿದಾಗಿತ್ತು. 1804ರ ನಂತರ ಸಾಲಿಯೆರಿ ಹೊಸ ಒಪೆರಾ ಬರೆಯಲಿಲ್ಲ. ಜನರ ರುಚಿ ಬದಲಾಗಿದೆ, ತನ್ನ ಕಾಲ ಮುಗಿಯಿತು ಎಂದು ಅವನಿಗೇ ಅನಿಸಿತ್ತು. ಚರ್ಚಿಗೆ ಬರೆದ, ಮಕ್ಕಳಿಗೆ ಪಾಠ ಹೇಳಿದ, ಕಛೇರಿ ನಡೆಸಿದ. 1823ರಲ್ಲಿ ಇಪ್ಪತ್ತರ ಹರೆಯದಲ್ಲಿದ್ದ ವಿಯೆನ್ನಾದ ಹುಡುಗನಿಗೆ ಸಾಲಿಯೆರಿ ಅಂದರೆ ಯಾವ ಹಾಡೂ ನೆನಪಿಗೆ ಬರುತ್ತಿರಲಿಲ್ಲ. ಆ ಖಾಲಿ ಜಾಗಕ್ಕೆ ಗಾಳಿಮಾತು ಬಂದು ಕೂತಿತು. ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ ಎಂದು ಜನ ತೀರ್ಮಾನಿಸಿಬಿಟ್ಟರು.

ಅಲ್ಲಿಂದ ಮುಂದೆ ಕಥೆಗೆ ದೊಡ್ಡ ದೊಡ್ಡ ಕೈಗಳು ಸಿಕ್ಕವು. 1830ರಲ್ಲಿ ರಷ್ಯಾದ ಪುಷ್ಕಿನ್ ಇದನ್ನೇ ಪುಟ್ಟ ನಾಟಕ ಮಾಡಿದ. ಅದರಲ್ಲಿ ಸಾಲಿಯೆರಿ ನೇರವಾಗಿ ಮೊಜಾರ್ಟ್‌ನ ಲೋಟಕ್ಕೆ ವಿಷ ಹಾಕುತ್ತಾನೆ. ಆ ನಾಟಕವನ್ನು ರಿಮ್‌ಸ್ಕಿ-ಕೋರ್ಸಕೋವ್ ಒಪೆರಾ ಮಾಡಿದ. 1979ರಲ್ಲಿ ಪೀಟರ್ ಶಾಫರ್ ಲಂಡನ್ನಿನಲ್ಲಿ ‘ಅಮೆಡಿಯಸ್’ ನಾಟಕ ತಂದ. 1984ರಲ್ಲಿ ಅದು ಸಿನಿಮಾ ಆಗಿ 8 ಆಸ್ಕರ್ ಗೆದ್ದಿತು. ಸಾಲಿಯೆರಿ ಪಾತ್ರ ಮಾಡಿದ ನಟನಿಗೂ ಒಂದು ಬಂತು. ಸಿನಿಮಾ ನಿಜಕ್ಕೂ ಚೆನ್ನಾಗಿದೆ. ಅಷ್ಟು ಚೆನ್ನಾಗಿರುವುದರಿಂದಲೇ ಜನ ಅದನ್ನು ಚರಿತ್ರೆ ಎಂದು ನಂಬಿದರು. ಅದರಲ್ಲಿ ಸಾಲಿಯೆರಿ ಸಂಗೀತಕ್ಕಾಗಿ ಬ್ರಹ್ಮಚರ್ಯದ ಹರಕೆ ಹೊತ್ತ ಒಂಟಿ ಮನುಷ್ಯ. ನಿಜದ ಸಾಲಿಯೆರಿಗೆ ಹೆಂಡತಿ ಇದ್ದಳು, 8 ಮಕ್ಕಳು ಹುಟ್ಟಿದ್ದರು. ಸಿನಿಮಾದ ಸಾಲಿಯೆರಿ ಸಾಯುತ್ತಿರುವ ಮೊಜಾರ್ಟ್ ಹಾಸಿಗೆ ಪಕ್ಕ ಕೂತು ಶೋಕಗೀತೆಯ ಸ್ವರ ಬರೆದುಕೊಳ್ಳುತ್ತಾನೆ. ಅಂಥದ್ದು ನಡೆದೇ ಇಲ್ಲ.

ಈ ಕಥೆಗಳು ನಮ್ಮ ಒಂದು ಆಸೆಯನ್ನು ತೀರಿಸುತ್ತವೆ. 35ಕ್ಕೆ ಒಬ್ಬ ಮಹಾನ್ ಕಲಾವಿದ ಊರಿಗೆ ಬಂದ ಯಾವುದೋ ಜ್ವರಕ್ಕೆ ಸತ್ತ ಅಂದರೆ ಮನಸ್ಸಿಗೆ ಒಪ್ಪಿಗೆಯಾಗುವುದಿಲ್ಲ. ಅಷ್ಟು ದೊಡ್ಡ ನಷ್ಟಕ್ಕೆ ಯಾರಾದರೂ ಹೊಣೆ ಆಗಬೇಕು. ಇನ್ನು, ಕಷ್ಟಪಟ್ಟು ಕಲಿತು ಮೇಲೆ ಬಂದವನು ಚಿಕ್ಕವನು, ಹುಟ್ಟಿನಿಂದಲೇ ವರ ಪಡೆದವನು ದೊಡ್ಡವನು ಎಂಬ ನಂಬಿಕೆಗೂ ಸಾಲಿಯೆರಿ ಒಳ್ಳೆ ಆಹುತಿ. ಮೊಜಾರ್ಟ್ ಕೂಡ ಎಳವೆಯಿಂದ ಹಗಲಿರುಳು ದುಡಿದವನು. ಈ ಕಥೆ ಅವನಿಗೂ ನ್ಯಾಯ ಮಾಡಿಲ್ಲ.

ಈ ಗದ್ದಲದಲ್ಲಿ ಮುಚ್ಚಿಹೋದದ್ದು ಮೇಷ್ಟ್ರು ಸಾಲಿಯೆರಿ. ಗಾಸ್ಮನ್ ತನಗೆ ಕಾಸಿಲ್ಲದೆ ಕಲಿಸಿದ್ದನ್ನು ಅವನು ಮರೆಯಲಿಲ್ಲ. ಗುರು ಸತ್ತ ಮೇಲೆ ಅವನ ಇಬ್ಬರು ಹೆಣ್ಣುಮಕ್ಕಳಿಗೆ ಹಾಡು ಹೇಳಿಕೊಟ್ಟು ಒಪೆರಾ ಗಾಯಕಿಯರನ್ನಾಗಿ ಮಾಡಿದ. ಬಡ ಹುಡುಗರಿಗೆ ದುಡ್ಡು ತಗೊಳ್ಳದೆ ಪಾಠ ಹೇಳಿದ. ಶಿಷ್ಯರ ಪಟ್ಟಿ ನೋಡಿದರೆ 19ನೇ ಶತಮಾನದ ಸಂಗೀತದ ಅರ್ಧ ಚರಿತ್ರೆ ಅಲ್ಲೇ ಇದೆ: ಬೀಥೋವನ್, ಶೂಬರ್ಟ್, ಲಿಸ್ಟ್, ಹುಮ್ಮೆಲ್, ಮೈಯರ್‌ಬೇರ್, ಚೆರ್ನಿ. ಬೀಥೋವನ್ ತನ್ನ ಮೊದಲ ಮೂರು ಪಿಟೀಲು ಸೊನಾಟಾಗಳನ್ನು ಸಾಲಿಯೆರಿಗೆ ಅರ್ಪಿಸಿದ. ಒಮ್ಮೆ ಮೋಶೆಲೆಸ್ ಸಾಲಿಯೆರಿ ಮನೆಗೆ ಹೋದಾಗ ಮೇಜಿನ ಮೇಲೆ ಒಂದು ಚೀಟಿ ಬಿದ್ದಿತ್ತು. ದಪ್ಪಕ್ಷರದಲ್ಲಿ ಬರೆದಿತ್ತು: ‘ಶಿಷ್ಯ ಬೀಥೋವನ್ ಬಂದಿದ್ದ!’ ಬೀಥೋವನ್ ಆಗಲೇ ಯುರೋಪಿಗೆಲ್ಲ ಗೊತ್ತಿದ್ದ ಹೆಸರು. ಆದರೂ ಆ ಬಾಗಿಲಲ್ಲಿ ಅವನು ತನ್ನನ್ನು ಶಿಷ್ಯ ಅಂತಲೇ ಕರೆದುಕೊಂಡ.

1822ರಲ್ಲಿ ಹಂಗೇರಿಯಿಂದ ಬಂದ ಲಿಸ್ಟ್‌ಗೆ ಹತ್ತು ಹನ್ನೊಂದು ವರ್ಷ. ಮನೆ ದೂರ. ಹುಡುಗ ಬಿಸಿಲಲ್ಲಿ ನಡೆದು ಸುಸ್ತಾಗಿ ಪಾಠಕ್ಕೆ ಬರುತ್ತಿದ್ದ. ಇವರ ಕುಟುಂಬಕ್ಕೆ ಊರೊಳಗೇ ಇರಲು ಅನುಕೂಲ ಮಾಡಿಕೊಡಿ ಎಂದು 72 ವರ್ಷದ ಸಾಲಿಯೆರಿ, ಹುಡುಗನ ಅಪ್ಪ ಕೆಲಸಕ್ಕಿದ್ದ ರಾಜಕುಮಾರ ಎಸ್ಟರ್‌ಹಾಜಿಗೆ ಪತ್ರ ಬರೆದ. ಶೂಬರ್ಟ್ ಜೊತೆ ಮಾತ್ರ ಅಭಿರುಚಿಯ ತಿಕ್ಕಾಟ ಇತ್ತು. ಇಟಾಲಿಯನ್ ಸಾಹಿತ್ಯಕ್ಕೆ ರಾಗ ಹಾಕು, ಜರ್ಮನ್ ಹಾಡು ಬೇಡ ಎಂದು ಮೇಷ್ಟ್ರು ಒತ್ತಾಯಿಸುತ್ತಿದ್ದರು. ಇದರಲ್ಲಿ ಸಾಲಿಯೆರಿ ಪೂರ್ತಿ ತಪ್ಪಿದ. ಶೂಬರ್ಟ್ ಜಗತ್ತಿಗೆ ಕೊಟ್ಟದ್ದು ಆ ಜರ್ಮನ್ ಹಾಡುಗಳನ್ನೇ. ಆದರೂ 1816ರ ಜೂನ್‌ನಲ್ಲಿ ಸಾಲಿಯೆರಿ ವಿಯೆನ್ನಾಕ್ಕೆ ಬಂದು 50 ವರ್ಷ ತುಂಬಿದಾಗ ಶಿಷ್ಯರೆಲ್ಲ ಸೇರಿ ಹಬ್ಬ ಮಾಡಿದರು, ಶೂಬರ್ಟ್ ಅದಕ್ಕೆಂದೇ ಹಾಡು ಕಟ್ಟಿ ತಂದ.

ಗಾಸ್ಮನ್ 1771ರಲ್ಲಿ ಸಂಗೀತಗಾರರ ಹೆಂಡತಿ ಮಕ್ಕಳಿಗಾಗಿ ಒಂದು ಸಂಘ ಕಟ್ಟಿದ್ದ. ಕಛೇರಿ ಮಾಡಿ ಬಂದ ದುಡ್ಡಿನಲ್ಲಿ ವಿಧವೆಯರಿಗೆ, ತಬ್ಬಲಿ ಮಕ್ಕಳಿಗೆ ಪಿಂಚಣಿ. ಗುರುವಿನ ನಂತರ ಅದನ್ನು ದಶಕಗಟ್ಟಲೆ ಹೊತ್ತವನು ಸಾಲಿಯೆರಿ. ಮೊಜಾರ್ಟ್ 1785ರಲ್ಲಿ ಸದಸ್ಯನಾಗಲು ಅರ್ಜಿ ಹಾಕಿದ್ದ, ಆದರೆ ಹುಟ್ಟಿದ ದಾಖಲೆ ತಂದುಕೊಡಲಿಲ್ಲ. ಅರ್ಜಿ ಹಾಗೇ ಉಳಿಯಿತು. ಅವನು ಸತ್ತಾಗ ಕಾನ್‌ಸ್ಟಾಂಟ್ಸೆಗೆ ಆ ಸಂಘದ ಪಿಂಚಣಿ ಬರಲಿಲ್ಲ. ಒಂದು ಕಾಗದ ಇದ್ದಿದ್ದರೆ ಆ ಹೆಣ್ಣುಮಗಳ ಎಷ್ಟೋ ಕಷ್ಟ ತಪ್ಪುತ್ತಿತ್ತು.

ಕೊನೆಗೆ ಸಂಗೀತ. ಅದು ಕೇಳುವಂಥದ್ದೇ? ಮೊಜಾರ್ಟ್‌ಗೆ ಸಮ ಎಂದು ನಾನು ಹೇಳುವುದಿಲ್ಲ. ಹಾಗೆ ಹೇಳಬೇಕಾದ ಅಗತ್ಯವೂ ಇಲ್ಲ. ಒಪೆರಾದಲ್ಲಿ ಸಾಲಿಯೆರಿಯ ಶಕ್ತಿ ಬೇರೆ ಕಡೆ ಇದೆ. ಮಾತಿನ ತೂಕಕ್ಕೆ ತಕ್ಕ ಹಾಗೆ ಸಂಗೀತವನ್ನು ಹಿಡಿಯುವುದು, ನಾಟಕ ಬಿಗಿಯಾದಾಗ ರಾಗದ ಬೆಡಗು ಬಿಟ್ಟು ನೇರ ಎದೆಗೆ ಹೋಗುವುದು ಅವನಿಗೆ ಗೊತ್ತಿತ್ತು. ಇದನ್ನು ಅವನು ಕಲಿತದ್ದು ಹಿರಿಯ ಸಂಯೋಜಕ ಗ್ಲುಕ್‌ನಿಂದ. ಪ್ಯಾರಿಸ್ ಒಪೆರಾ ಗ್ಲುಕ್ ಹತ್ತಿರ ‘ದನಾಯಿದ್’ ಎಂಬ ಒಪೆರಾ ಕೇಳಿತ್ತು. ಕಾಯಿಲೆ ಬಿದ್ದಿದ್ದ ಗ್ಲುಕ್ ಅದನ್ನು ಸಾಲಿಯೆರಿ ಕೈಗೆ ಕೊಟ್ಟ. 1784ರ ಮೊದಲ ಆಟಗಳಿಗೆ ಗ್ಲುಕ್ ಹೆಸರೂ ಸೇರಿಸಿಯೇ ಜಾಹೀರಾತು ಹಾಕಿದರು. ಅದು ಗೆದ್ದ ಮೇಲೆ, ಪೂರ್ತಿ ಬರೆದವನು ಸಾಲಿಯೆರಿ ಎಂದು ಗ್ಲುಕ್ ಬಹಿರಂಗವಾಗಿ ಹೇಳಿದ. ಸುಮಾರು 40 ವರ್ಷದ ನಂತರ ವೈದ್ಯನಾಗಲು ಪ್ಯಾರಿಸ್ಸಿಗೆ ಬಂದಿದ್ದ ಬೆರ್ಲಿಯೋಸ್ ಎಂಬ ಹುಡುಗ ಅದೇ ‘ದನಾಯಿದ್’ ನೋಡಿ ರಾತ್ರಿ ನಿದ್ದೆಗೆಟ್ಟ. ಮುಂದೆ ಫ್ರಾನ್ಸಿನ ಮಹಾ ಸಂಯೋಜಕನಾದವನು ಅವನು.

1787ರ ‘ತರಾರ್’ ಇನ್ನೂ ಧೈರ್ಯದ ಕೆಲಸ. ಸಾಹಿತ್ಯ ಫ್ರೆಂಚ್ ನಾಟಕಕಾರ ಬೊಮಾರ್ಶೆಯದು. ಕೊನೆಯಲ್ಲಿ ಕ್ರೂರ ರಾಜ ಹೋಗಿ, ಸಾಮಾನ್ಯ ಸೈನಿಕನನ್ನು ಜನ ರಾಜನನ್ನಾಗಿ ಮಾಡುತ್ತಾರೆ. ಫ್ರೆಂಚ್ ಕ್ರಾಂತಿಗೆ ಇನ್ನೂ ಎರಡು ವರ್ಷ ಇತ್ತು.

ಈಗ ಪರಿಸ್ಥಿತಿ ಬದಲಾಗುತ್ತಿದೆ. ಅದನ್ನು ಬದಲಾಯಿಸುತ್ತಿರುವವರು ಗಾಯಕರು, ವಾದ್ಯದವರು. 2003ರಲ್ಲಿ ಗಾಯಕಿ ಚೆಚೀಲಿಯಾ ಬಾರ್ತೊಲಿ ಸಾಲಿಯೆರಿ ಹಾಡುಗಳದ್ದೇ ಒಂದು ಆಲ್ಬಂ ತಂದರು. ಸಾಲಿಯೆರಿ ಹೆಸರಿನಲ್ಲಿ ಅಂಗಡಿಗಳಲ್ಲಿ ಸಿಡಿ ಮಾರಾಟವಾದದ್ದು ಕಂಡು ಎಷ್ಟೋ ಜನ ಮೊದಲ ಬಾರಿ ಕಿವಿಗೊಟ್ಟರು. ಮರುವರ್ಷ, 2004ರ ಡಿಸೆಂಬರ್ 7ರಂದು, ದೊಡ್ಡ ದುರಸ್ತಿ ಮುಗಿಸಿ ಮಿಲಾನಿನ ಲಾ ಸ್ಕಾಲಾ ರಂಗಮಂದಿರ ಮತ್ತೆ ಬಾಗಿಲು ತೆರೆಯಿತು. ಅವತ್ತು ಸಂಗೀತ ನಿರ್ದೇಶಕ ರಿಕಾರ್ಡೋ ಮೂತಿ ಆಡಿಸಿದ್ದು ಸಾಲಿಯೆರಿಯ ‘ಯುರೋಪಾ’ ಒಪೆರಾವನ್ನು. ಯಾಕೆಂದರೆ 1778ರ ಆಗಸ್ಟ್ 3ರಂದು ಅದೇ ಮಂದಿರ ಮೊದಲ ಸಲ ತೆರೆದಾಗ ಆಡಿದ್ದು ಅದೇ ಒಪೆರಾ. ಆಗ ಅದನ್ನು ಬರೆದವನಿಗೆ 28 ಕೂಡ ತುಂಬಿರಲಿಲ್ಲ. ಫ್ರಾನ್ಸಿನ ಕ್ರಿಸ್ತೋಫ್ ರೂಸೆ ತಮ್ಮ ವಾದ್ಯವೃಂದದ ಜೊತೆ ‘ದನಾಯಿದ್’, ‘ತರಾರ್’ ಸೇರಿದಂತೆ ಅವನ ಫ್ರೆಂಚ್ ಒಪೆರಾಗಳನ್ನು ಪೂರ್ತಿ ಧ್ವನಿಮುದ್ರಿಸಿದರು.

2016ರ ಫೆಬ್ರವರಿಯಲ್ಲಿ ಪ್ರಾಗ್‌ನಿಂದ ಒಂದು ಸುದ್ದಿ ಬಂತು. ಅಲ್ಲಿನ ಸಂಗೀತ ಸಂಗ್ರಹಾಲಯದಲ್ಲಿ 1785ರ ಒಂದು ಪುಟ್ಟ ಅಚ್ಚು ಸಿಕ್ಕಿತ್ತು. ಗಾಯಕಿ ನ್ಯಾನ್ಸಿ ಸ್ಟೊರಾಚೆ ಕಾಯಿಲೆಯಿಂದ ಚೇತರಿಸಿಕೊಂಡ ಖುಷಿಗೆ ಕಟ್ಟಿದ ಹಾಡು. ರಾಗ ಹಾಕಿದವರು ಮೂವರು. ಅವರಲ್ಲಿ ಒಬ್ಬ ಸಾಲಿಯೆರಿ, ಇನ್ನೊಬ್ಬ ಮೊಜಾರ್ಟ್. ಇಬ್ಬರೂ ತಮ್ಮಿಬ್ಬರಿಗೂ ಬೇಕಾದ ಗೆಳತಿಗಾಗಿ ಒಂದೇ ಕವಿತೆಯ ಸಾಲುಗಳನ್ನು ಹಂಚಿಕೊಂಡು ಬರೆದಿದ್ದರು. ಸಂಗ್ರಹಾಲಯದಲ್ಲಿ ಒಬ್ಬರು ಅದನ್ನು ಹಾರ್ಪ್ಸಿಕಾರ್ಡ್ ಎಂಬ ಹಳೇ ಕೀಬೋರ್ಡ್ ವಾದ್ಯದ ಮೇಲೆ ನುಡಿಸಿ ತೋರಿಸಿದರು. ಕೆಲವೇ ನಿಮಿಷದ್ದು, ತುಂಬಾ ಸರಳ.

ಸಾಲಿಯೆರಿಯನ್ನು ಕೇಳಬೇಕು ಅನಿಸಿದರೆ ಮೂರು ಗಂಟೆಯ ಒಪೆರಾದಿಂದ ಶುರು ಮಾಡಬೇಡಿ. 1815ರಲ್ಲಿ, 65ನೇ ವಯಸ್ಸಿನಲ್ಲಿ, ಅವನು ‘ಲಾ ಫೋಲಿಯಾ’ ಎಂಬ ಹಳೇ ಕುಣಿತದ ರಾಗವನ್ನು ತಗೊಂಡು ವಾದ್ಯವೃಂದಕ್ಕೆ 26 ಬಗೆಯಲ್ಲಿ ಬರೆದ. ಇಪ್ಪತ್ತು ನಿಮಿಷವೂ ಇಲ್ಲ. ಯೂಟ್ಯೂಬಿನಲ್ಲಿ ಸಿಗುತ್ತದೆ. ಸಣ್ಣ ರಾಗ ಒಂದೇ, ಅದೇ ಮತ್ತೆ ಮತ್ತೆ ಬರುತ್ತದೆ. ಒಮ್ಮೆ ಒಂಟಿ ಪಿಟೀಲು ಅದನ್ನು ಎತ್ತಿಕೊಳ್ಳುತ್ತದೆ, ಒಮ್ಮೆ ಹಾರ್ಪ್, ಒಮ್ಮೆ ಎಲ್ಲರೂ ಒಟ್ಟಿಗೆ. ಯಾವ ವಾದ್ಯದಿಂದ ಏನು ಹೊರಡಿಸಬಹುದು ಎಂದು ಮೇಷ್ಟ್ರು ಶಿಷ್ಯರಿಗೆ ಒಂದೊಂದಾಗಿ ತೋರಿಸುತ್ತಿರುವಂತೆ ಕೇಳುತ್ತದೆ. ಸ್ನೇಹಿತರ ಮನೆಯಲ್ಲಿ ಹಚ್ಚುವಾಗ ಯಾರದು ಅಂತ ಮೊದಲು ಹೇಳಬೇಡಿ. ಅವರು ಕೇಳಲಿ. ಹೆಸರು ಆಮೇಲೆ ಹೇಳಿದರಾಯಿತು.